ಠಾಣೆಯ ಅಂಗಡಿಯಲ್ಲಿ ಜಪಾನಿನ ಡಿಸ್ಕ್‌ಗಳು

ಠಾಣೆ ಊರಿನ ರೈಲ್ವೆ ಸ್ಟೇಷನ್ ಹತ್ತಿರ ನನ್ನದೊಂದು ಸಿನಿಮಾ ಡಿಸ್ಕ್‌ಗಳ ಅಂಗಡಿ. "ಇನ್ನೂ ಯಾರು ತಗೋತಾರಲೇ ಇವನ್ನ?" ಎಂದು ಹುಬ್ಬಳ್ಳಿಯ ನೆಂಟರು ಕೇಳುತ್ತಾರೆ. ಗಿರಾಕಿಗಳು ಕಡಿಮೆಯಾದದ್ದು ನಿಜ. ಆದರೆ ಜಪಾನಿನ ಕಾರ್ಟೂನ್ ಸಿನಿಮಾಗಳನ್ನು ಹುಡುಕಿಕೊಂಡು ಬರುವವರು ಉಳಿದಿದ್ದಾರೆ. ಅವರಿಂದ ತಿಂಗಳಿಗೊಂದಾದರೂ ಇಂಥ ಪ್ರಸಂಗ ನಡೆಯುತ್ತದೆ.

ಡಿವಿಡಿ

ಡೊಂಬಿವ್ಲಿ, ಕಲ್ಯಾಣದವರು ಇವತ್ತಿಗೂ ಕೇಳುವುದು ಡಿವಿಡಿಯನ್ನೇ. ಮನೆಯಲ್ಲಿ ಹಳೆಯ ಪ್ಲೇಯರ್ ಇರುತ್ತದಲ್ಲ. ಡೊಂಬಿವ್ಲಿಯ ಒಬ್ಬ ಬ್ಯಾಂಕ್ ನೌಕರ ಆರು ವರ್ಷದ ಮಗಳಿಗೆಂದು ಒಂದನ್ನು ಆರಿಸಿದ. ಮುದುಕ ಮೀನುಗಾರ ಮತ್ತು ಅವನ ನಾಯಿಯ ಕಥೆ.

"ಭಾಳ ದುಃಖದ್ದೈತ್ರಿ, ಸಣ್ಣ ಮಕ್ಕಳಿಗೆ ಬ್ಯಾಡ" ಎಂದೆ.

"ಕಾರ್ಟೂನ್ ನೋಡಿ ಯಾರಾದ್ರೂ ಅಳ್ತಾರೇನ್ರೀ?" ಎಂದು ನಕ್ಕು ಒಯ್ದ.

ಸೋಮವಾರ ಬೆಳಿಗ್ಗೆ ಮತ್ತೆ ಬಂದ. ಕಣ್ಣು ಕೆಂಪಗಿದ್ದವು.

"ಮಗಳು ಅತ್ತಳೇನ್ರಿ?"

"ಆಕಿ ಹತ್ತು ನಿಮಿಷಕ್ಕೇ ಮಲಗಿದ್ಲು" ಎಂದು ಮೂಗು ಒರೆಸಿಕೊಂಡ. "ನಾ ಇವತ್ತು ರಜಾ ಹಾಕೀನಿ. ಅಂಥದ್ದು ಇನ್ನೊಂದು ಕೊಡ್ರಿ."

ಬ್ಲೂ-ರೇ

ಖಾರಘರದ ಕಡೆ, ಡಿವಿಡಿಗಿಂತ ಚಿತ್ರ ಸ್ಪಷ್ಟವಾಗಿ ಬರುವ ಬ್ಲೂ-ರೇಗೇ ಬೇಡಿಕೆ; ಅದಕ್ಕೆ ಪ್ಲೇಯರೂ ಬೇರೆಯೇ ಬೇಕು. ಅಲ್ಲಿಂದ ಬರುವ ಒಬ್ಬ ಐಟಿ ಹುಡುಗಿ ಚಿತ್ರವಿರುವ ದೊಡ್ಡ ಡಬ್ಬಿಗಳನ್ನೇ ಕೊಳ್ಳುತ್ತಾಳೆ. ಒಂದು ಸಲ ಶೋಕೇಸಿನಲ್ಲಿದ್ದ ಡಬ್ಬಿಯನ್ನು ಹಾಗೇ ಕೊಟ್ಟುಬಿಟ್ಟೆ. ಮೂರು ತಿಂಗಳಾದ ಮೇಲೆ ಅದರ ಡಿಸ್ಕ್ ನನ್ನ ಡ್ರಾಯರಿನಲ್ಲೇ ಸಿಕ್ಕಿತು! ನಾಚಿಕೆಯಿಂದ ಅಂಗಡಿ ಮುಚ್ಚಿ, ಖಾರಘರದ ಮೇಲೆ ಹೋಗುವ ಪನ್ವೆಲ್ ಟ್ರೇನ್ ಹಿಡಿದು, ಬಿಲ್ಲಿನ ವಿಳಾಸ ನೋಡಿ ಅವಳ ಮನೆಗೇ ಹೋಗಿ ಕ್ಷಮೆ ಕೇಳಿದೆ.

"ಅರೇ ಅಂಕಲ್, ಟೆನ್ಷನ್ ಮತ್ ಲೋ" ಎಂದಳು. "ನನ್ನ ಹತ್ರ ಪ್ಲೇಯರೇ ಇಲ್ಲ. ಡಿಸ್ಕ್ ನೀವೇ ಇಟ್ಕೊಳಿ."

ಹಿಂದಿ ಡಬ್ಬಿಂಗ್

ಪಕ್ಕದ ಕಳ್ವಾ ಊರಿನಲ್ಲಿ ಉಡುಪಿ ಕಡೆಯ ದಂಪತಿ ಇದ್ದಾರೆ. ಯಜಮಾನರು ಟ್ರೇನ್ ರಿಪೇರಿಯ ರೈಲ್ವೆ ಕಾರ್‌ಶೆಡ್ಡಿನಿಂದ ನಿವೃತ್ತರಾದವರು. ಹೆಂಡತಿಗೆ ದೃಷ್ಟಿ ಹೋಗಿ ವರ್ಷಗಳಾಗಿವೆ. ಕಾಯಿಲೆಯ ತಾಯಿಯನ್ನು ಹುಡುಕಿ ಸಮುದ್ರ ದಾಟುವ ಹುಡುಗಿಯ ಸಿನಿಮಾ, ಅದರ ಸಂಗೀತಕ್ಕಾಗಿ, ಆಕೆಗೆ ಪ್ರಾಣ. ಮಾತೆಲ್ಲ ಜಪಾನಿ. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಯಜಮಾನರು ಓದಿ, ತುಳುವಿನಲ್ಲಿ ಹೇಳುತ್ತಿದ್ದರು.

ಆ ಸಿನಿಮಾದ ಡಿವಿಡಿ ಸವೆದುಹೋದಾಗ ನಾನೇ ಒತ್ತಾಯ ಮಾಡಿ, ಹಿಂದಿ ಮಾತಿರುವ ಬ್ಲೂ-ರೇಯನ್ನೂ ಒಂದು ಹಳೆಯ ಪ್ಲೇಯರನ್ನೂ ಕೊಡಿಸಿದೆ. ಇನ್ನು ಯಾರೂ ಹೇಳಬೇಕಿಲ್ಲ, ಆಕೆ ತಾವೇ ಕೇಳಬಹುದು ಎಂದು ನನಗೆ ಹೆಮ್ಮೆ.

ಮೂರನೇ ದಿನ ಇಬ್ಬರೂ ಬಂದರು. ಆಕೆ ಗಂಡನ ತೋಳು ಬಿಟ್ಟು, ಕೌಂಟರ್ ತಡವಿ, ಡಿಸ್ಕ್ ಇಟ್ಟರು.

"ಇದು ಡೂಪ್ಲಿಕೇಟ್ ಮಾರಾಯ್ರೆ. ಇದರಲ್ಲಿ ತಾಯಿ ಸಾಯ್ತಾಳೆ."

ಕಥೆ ಇರುವುದೇ ಹಾಗೆ ಎನ್ನಲು ಬಾಯಿ ತೆರೆದೆ. ಆಕೆಯ ಹಿಂದೆ ನಿಂತಿದ್ದ ಯಜಮಾನರು ಸದ್ದಿಲ್ಲದೆ ನನಗೆ ಕೈ ಮುಗಿದರು. ಆಗ ತಿಳಿಯಿತು. ಇಷ್ಟು ವರ್ಷವೂ ಅವರು, ಪ್ರತಿ ಸಲವೂ, ಆ ತಾಯಿಯನ್ನು ತುಳುವಿನಲ್ಲಿ ಬದುಕಿಸಿ ಮನೆಗೆ ಕರೆತಂದಿದ್ದರು.

"ಹೌದ್ರಿ ಅಮ್ಮಾ, ತಪ್ಪಿ ಬಂದೈತಿ" ಎಂದು ಅಟ್ಟವೆಲ್ಲ ಹುಡುಕಿ, ಅದೇ ಸಿನಿಮಾದ, ಹಿಂದಿಯಿಲ್ಲದ ಹಳೆಯ ಡಿವಿಡಿಯೊಂದನ್ನು ತಂದುಕೊಟ್ಟೆ.

ಮೆಟ್ಟಿಲ ಬಳಿ ಆಕೆ ನಿಂತು ಹಿಂದಕ್ಕೆ ತಿರುಗಿದರು.

"ಹಿಂದಿಯವರು ತಾಯಿಯನ್ನು ಕೊಂದು ಹಾಕಿದ್ದಾರೆ ಅಂತ ಜಪಾನಿಗೆ ಒಂದು ಫೋನ್ ಮಾಡಿ ಹೇಳಿ. ಪಾಪ, ಅವರಿಗೆ ಗೊತ್ತೇ ಇರಲಿಕ್ಕಿಲ್ಲ."