ಮೂರು ಸೀಟಿಯ ಕೆರೆ

ಮಾರ್ಚ್ ಹದಿನೈದು, ಭಾನುವಾರ. ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ.

ನಮ್ಮ ಅತ್ತೆ ನೀರನ್ನು ಕಣ್ಣಿಂದ ನೋಡಿ ನಂಬುವವಳಲ್ಲ, ಕುಡಿದು ನಂಬುವವಳೂ ಅಲ್ಲ. ಅವಳು ಬೇಳೆಯನ್ನು ಕೇಳುತ್ತಾಳೆ! ಎಲ್ಲಿಗೆ ಹೊರಟರೂ ಅವಳ ಚೀಲದಲ್ಲಿ ಒಂದು ಹಿಡಿ ತೊಗರಿಬೇಳೆಯ ಗಂಟು ಇರುತ್ತದೆ. ಹೋದ ಮನೆಯ ನೀರಿನಲ್ಲಿ ಅದು ಕುಕ್ಕರಿನ ಎಷ್ಟು ಸೀಟಿಗೆ ಕುದಿದು ಮೆತ್ತಗಾಯಿತು ಎನ್ನುವುದರ ಮೇಲೆ ಆ ಮನೆಯ, ಆ ಓಣಿಯ, ಕೆಲವೊಮ್ಮೆ ಇಡೀ ಊರಿನ ಯೋಗ್ಯತೆ ತೀರ್ಮಾನವಾಗುತ್ತದೆ. ಮೂರು ಸೀಟಿಗೆ ಕರಗಿದರೆ ಸಿಹಿನೀರು. ಐದಾದರೆ ಸಂಶಯ. ಏಳಾದರೆ ಬೋರಿನ ಸವಳು, ಉಪ್ಪುನೀರು. ಸೋಡಾ ಹಾಕಿ ಕುದಿಸಿದ್ದು ಲೆಕ್ಕಕ್ಕಿಲ್ಲ, ಅದು ಕಾಪಿ ಹೊಡೆದು ಪಾಸಾದಂತೆ ಎನ್ನುತ್ತಾಳೆ.

ನಾನು ಪರೀಕ್ಷೆಗಳಿಗೆ ಓದಿಕೊಳ್ಳಲು ಅವಳ ಮನೆಯಲ್ಲಿದ್ದೇನೆ. ಎರಡು ವರ್ಷವಾಯಿತು. ದಿನಚರಿ ಬರೆಯುವ ಚಟ ನನಗೆ ಮೊದಲಿನಿಂದಲೂ ಇತ್ತು. ಸೀಟಿ ಎಣಿಸುವ ಕೆಲಸ ತಾನಾಗಿ ನನ್ನ ಪಾಲಿಗೆ ಬಂತು. ಮೂರೂವರೆ ಸೀಟಿ ಎಂದೂ ನನ್ನ ನೋಟ್‌ಬುಕ್ಕಿನಲ್ಲಿ ಬರೆದದ್ದಿದೆ. ಅರ್ಧ ಸೀಟಿ ಎಂದರೇನು ಎಂದು ಕೇಳುತ್ತೀರಾ? ಕುಕ್ಕರು ಕೂಗಬೇಕೆಂದು ಮನಸ್ಸು ಮಾಡಿ, ಬೇಡವೆಂದು ಸುಮ್ಮನಾದದ್ದು!

ಹೋದ ವರ್ಷ ಅತ್ತೆಯ ಮಗಳಿಗೆ ವರ ನೋಡಲು ಗುರುಗುಂಟಾಕ್ಕೆ ಹೋಗಿದ್ದೆವು. ಹುಡುಗ ಇಸ್ತ್ರಿ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದ. ಅತ್ತೆ ಅವನನ್ನು ಒಂದೂ ಮಾತು ಕೇಳದೆ ನೇರ ಅಡುಗೆಮನೆಗೆ ನಡೆದಳು. ಒಳಗಿನಿಂದ ಒಂದು ಸೀಟಿ ಬಂತು, ಎರಡು ಬಂತು. ಏಳನೆಯದಕ್ಕೆ ಹುಡುಗನ ಹಣೆಯಲ್ಲಿ ಬೆವರು. ಹೊರಗೆ ಬಂದವಳೇ ತೀರ್ಪು ಕೊಟ್ಟಳು.

"ಹುಡುಗ ಚಲೋ ಅದಾನ್ರಿ. ನೀರು ಚಲೋ ಇಲ್ಲ."

ಮದುವೆಯೇನೋ ಆಯಿತು. ಆದರೆ ಮದುಮಗಳ ಜೊತೆ ಹೋದ ಸಾಮಾನಿನಲ್ಲಿ ನಮ್ಮೂರ ಕೆರೆ ನೀರಿನ ಎರಡು ಕ್ಯಾನು ಇದ್ದವು. ಈಗಲೂ ಅಳಿಯ ಬಂದರೆ ಖಾಲಿ ಕ್ಯಾನು ಹಿಡಿದೇ ಬಸ್ಸಿನಿಂದ ಇಳಿಯುತ್ತಾನೆ.

ನಮ್ಮೂರು ಯಾವುದು ಎಂದು ಬರೆಯಬಾರದೆಂದು ಅತ್ತೆಯ ಅಪ್ಪಣೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಇವುಗಳ ನಡುವೆ ಎಲ್ಲೋ ಇದೆ ಎಂದುಕೊಳ್ಳಿ. ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಂಡು, ಕಾಲುವೆ ಬಂದಾದ ಮೇಲೆ ಅದನ್ನೇ ತಿಂಗಳುಗಟ್ಟಲೆ ನಳದಲ್ಲಿ ಕುಡಿಯುವ ಊರು. ಆ ಕೆರೆ ಅತ್ತೆಗೆ ತವರಿದ್ದಂತೆ. ಅವಳ ಕೆರೆ ಯಾವಾಗಲೂ ಮೂರು ಸೀಟಿಯ ಕೆರೆ.

ಆ ಕೆರೆ ಈ ವರ್ಷ ಕೈಕೊಟ್ಟಿತು. ಜನವರಿ ಕೊನೆಯ ವಾರ ಐದು ಸೀಟಿ. ಫೆಬ್ರವರಿಯಲ್ಲಿ ಆರು. ಅತ್ತೆ ಮೊದಲು ಕುಕ್ಕರಿನ ರಬ್ಬರು ಬದಲಿಸಿದಳು, ಆಮೇಲೆ ಸಿಲಿಂಡರನ್ನು ಬೈದಳು, ಕೊನೆಗೆ ಕೆರೆಯ ದಂಡೆಯ ಮೇಲೆ ಒಂದು ಸುತ್ತು ನಡೆದು ಬಂದಳು. ಹೊಸ ಬಡಾವಣೆಯ ಗಟಾರವೊಂದು ಕೆರೆಯ ಮೂಲೆಗೆ ಬಂದು ಸೇರುತ್ತಿತ್ತು. ಕಳ್ಳ ಸಿಕ್ಕಿದ! ಅಂದೇ ಅರ್ಜಿ ಬರೆಸಿದಳು. ಓಣಿಯ ಹನ್ನೊಂದು ಹೆಂಗಸರ ಸಹಿ. ಪುರಾವೆಗೆ ನನ್ನ ನೋಟ್‌ಬುಕ್ಕಿನ ಎಂಟು ಪುಟಗಳ ಜೆರಾಕ್ಸ್.

ನೀರು ಸರಬರಾಜು ಕಚೇರಿಯ ಸಾಹೇಬರು ಸಭ್ಯಸ್ಥರು. ಎಂಟೂ ಪುಟ ಓದಿದರು. ನೀರಿನ ಪರೀಕ್ಷೆಗೆ ತಮ್ಮಲ್ಲಿ ಒಂದು ಫಾರ್ಮ್ ಇದೆ, ಅದರಲ್ಲಿ ಬೇಳೆಗೆ ಕಾಲಂ ಇಲ್ಲ ಎಂದು ಮೆಲ್ಲಗೆ ಹೇಳಿದರು. ಫಾರ್ಮಿಗೆ ಹಸಿವಾಗುವುದಿಲ್ಲ, ಅದಕ್ಕೇ ಇಲ್ಲ ಎಂದು ಅತ್ತೆ ಅಂದಳು. ಅವರು ನಕ್ಕು, ಸೋಮವಾರ ತಾವೇ ಮನೆಗೆ ಬಂದು ಸೀಟಿ ಎಣಿಸುತ್ತೇವೆ ಎಂದರು. ಬೇಳೆ ಕುದಿಯದಿದ್ದರೆ ಗಟಾರದ ಕಡೆ ನೋಡೋಣ ಎಂಬ ಮಾತೂ ಆಯಿತು. ಅತ್ತೆ ಗೆದ್ದವಳಂತೆ ಮನೆಗೆ ಬಂದಳು.

ಅದು ಮಾರ್ಚ್ ಐದು, ಗುರುವಾರ. ಶುಕ್ರವಾರ ಮಧ್ಯಾಹ್ನ ಪಕ್ಕದ ಮನೆಯ ಖಾಲಾ ಒಂದು ಬಟ್ಟಲು ಹುಳಿ ಹಾಕಿದ ಖಟ್ಟಿ ದಾಲ್ ಕೊಟ್ಟು ಕಳಿಸಿದರು. ಬೇಳೆ ಬೆಣ್ಣೆಯಂತೆ ಕರಗಿತ್ತು. ಅವರದೂ ಅದೇ ಕೆರೆ, ಅದೇ ನಳ! ಬಟ್ಟಲು ತಿರುಗಿ ಕೊಡುವ ನೆಪದಲ್ಲಿ ಹೋಗಿ, ಎಷ್ಟು ಸೀಟಿ ಎಂದು ಕೇಳಿದೆ. ಮೂರು ಎಂದರು. ಈ ವರ್ಷ ತಮ್ಮನ ಹೊಲದಲ್ಲಿ ಬೆಳೆದ ಬೇಳೆಯಂತೆ. ಒಂದು ಹಿಡಿ ಬೇಡಿ ತಂದೆ. ಅತ್ತೆ ಸಂತೆಗೆ ಹೋದ ಹೊತ್ತು ನೋಡಿ ನಮ್ಮ ನೀರಲ್ಲೇ ಕುದಿಸಿದೆ. ಮೂರು. ನೋಟ್‌ಬುಕ್ ತಿರುವಿದೆ. ಜನವರಿ ಇಪ್ಪತ್ತನಾಲ್ಕು: ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿದ ಬೇಳೆಯ ಡಬ್ಬಿ ತೆರೆದದ್ದು. ಸೀಟಿ ಏರಿದ್ದು ಸರಿಯಾಗಿ ಅದರ ಮರುದಿನದಿಂದ! ಎಷ್ಟು ವರ್ಷದ ಹಳೆಯ ಬೇಳೆಯೋ, ಯಾವ ನೀರಿಗೂ ಅದು ಕರಗುವಂಥದಲ್ಲ.

ಈಗ ಹೇಳಿ, ನಾನೇನು ಮಾಡಬೇಕಿತ್ತು? ಬಾಯಿ ಮುಚ್ಚಿಕೊಂಡರೆ ಸೋಮವಾರ ಬೇಳೆ ಕುದಿಯುವುದಿಲ್ಲ, ಅತ್ತೆ ಗೆಲ್ಲುತ್ತಾಳೆ, ಗಟಾರವೂ ಬಂದಾಗಬಹುದು. ಬಾಯಿ ಬಿಟ್ಟರೆ ಹನ್ನೊಂದು ಹೆಂಗಸರ ಮುಂದೆ ಅವಳ ಮಾನ ಹೋಗುತ್ತದೆ. ನನ್ನ ದಿನಚರಿಯ ಊಟದ ಕಾಲಂನಲ್ಲಿ ಶುಕ್ರವಾರ ಎರಡು ರೊಟ್ಟಿ, ಶನಿವಾರ ಒಂದೂವರೆ, ಭಾನುವಾರ ಒಂದು ಎಂದಿದೆ. ಭಾನುವಾರ ಸಂಜೆ ನೋಟ್‌ಬುಕ್ಕನ್ನು ಆ ಪುಟಕ್ಕೆ ತೆರೆದು, ಪಕ್ಕದಲ್ಲಿ ಖಾಲಾನ ಬೇಳೆಯಲ್ಲಿ ಉಳಿದ ನಾಲ್ಕು ಕಾಳು ಇಟ್ಟು, ಎಲ್ಲ ಹೇಳಿಬಿಟ್ಟೆ. ಅವಳು ಕಾಳುಗಳನ್ನು ಬೆರಳಲ್ಲಿ ಹೊರಳಿಸಿ ನೋಡಿದಳು. ಒಂದನ್ನು ಹಲ್ಲಲ್ಲಿ ಕಡಿದಳು. ಎದ್ದು ಬಟ್ಟಲು ಹಿಡಿದು ಹೊರಗೆ ಹೋದಳು.

ಸೋಮವಾರ ಸಾಹೇಬರು ಬಂದರು. ಹನ್ನೊಂದೂ ಜನ ಸೇರಿದರು. ನೋಡಿದರೆ ಒಲೆಯ ಮೇಲೆ ಒಂದಲ್ಲ, ಎರಡು ಕುಕ್ಕರು! ಖಾಲಾನ ಬೇಳೆ ಮೂರು ಸೀಟಿಗೆ ಕರಗಿತು, ನಮ್ಮದು ಆರಾದರೂ ಕಲ್ಲು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡಳು.

"ಸಾಹೇಬ್ರ, ನೀರು ಒಂದ, ಬ್ಯಾಳಿ ಬ್ಯಾರೆ. ತಪ್ಪು ನಂದು. ಸುಮ್ನ ನೀರಿನ ಮ್ಯಾಲ ಹಾಕಿದ್ನಿ, ಅದನ್ನ ವಾಪಸ್ ತಗೋತೀನಿ."

ಯಾರೂ ನಗಲಿಲ್ಲ. ಸಾಹೇಬರು ಅರ್ಜಿ ಮಡಚಲು ಹೊರಟರು.

"ತಡೀರಿ. ಗಟಾರದ ಮಾತು ವಾಪಸ್ ತಗೊಂಡಿಲ್ಲ. ಬರ್ರಿ, ತೋರಸ್ತೀನಿ."

ಸಾಹೇಬರು ಮುಂದೆ, ಅವಳು ಪಕ್ಕದಲ್ಲಿ, ನಾವೆಲ್ಲ ಹಿಂದೆ. ಕೆರೆಯ ಮೂಲೆಯಲ್ಲಿ ಸಾಹೇಬರು ಮೂಗು ಮುಚ್ಚಿಕೊಂಡರು. ತಪ್ಪು ನನ್ನದು ಎಂದು ಒಪ್ಪಿಕೊಂಡ ಅರ್ಜಿದಾರರನ್ನು ತಾವು ಈವರೆಗೆ ನೋಡಿಲ್ಲ ಎಂದರು. ಆಮೇಲೆ ಬಾಟಲಿ ತರಿಸಿ, ಗಟಾರದ ಬಾಯಲ್ಲಿ ಒಂದು, ನೀರು ಎತ್ತುವ ಕಡೆ ಒಂದು, ಎರಡು ತುಂಬಿಸಿ ಚೀಟಿ ಅಂಟಿಸಿದರು. ಪರೀಕ್ಷೆಗೆ ಕಳಿಸಿ ಆರು ದಿನವಾಯಿತು. ಉತ್ತರ ಬಂದಿಲ್ಲ.

ವಾಪಸು ಬರುವಾಗ ಅತ್ತೆ ನಡಿಗೆ ನಿಧಾನ ಮಾಡಿದಳು. ಎಲ್ಲರೂ ಮುಂದೆ ಹೋದರು. ಸಿಟ್ಟು ಈಗ ಬರುತ್ತದೆ ಎಂದು ನಾನು ತಲೆ ತಗ್ಗಿಸಿದೆ.

"ಮೂರು ದಿನದಿಂದ ಸರಿಯಾಗಿ ಉಂಡಿಲ್ಲ ನೀ. ನಂಗ ಹೇಳಾಕ ಅಷ್ಟು ಅಂಜಿದ್ಯೇನ್ ತಮ್ಮಾ?"

ಹೂಂ ಎಂದೆ.

"ನಾ ಸೋತೀನಿ ಅಂತ ಮೂರು ದಿನ ಉಪಾಸ ಬೀಳೋರು ಈ ಊರಾಗ ಇನ್ನ ಯಾರದಾರ?" ಎಂದು ನನ್ನ ತಲೆಯ ಮೇಲೆ ಕೈ ಇಟ್ಟಳು. ಮನೆ ಬರುವವರೆಗೂ ತೆಗೆಯಲಿಲ್ಲ.

ಓದುಗರಲ್ಲಿ ಒಂದು ಮಾತು. ಕೆರೆಗೆ ಗಟಾರ ಸೇರಿದರೆ ಬೇಳೆಗೆ ತಿಳಿಯುತ್ತದೆಯೇ, ಇಲ್ಲ ಅದಕ್ಕೆ ಸವಳಷ್ಟೇ ತಿಳಿಯುತ್ತದೆಯೇ? ಮೂರೇ ಸೀಟಿಗೆ ಕುದಿಸುವ ನೀರೂ ಹೊಟ್ಟೆ ಕೆಡಿಸಬಹುದೇ? ಹಾಗಾದರೆ ಮನೆಯಲ್ಲಿ ಇನ್ನೇನು ನೋಡಬೇಕು? ಬಲ್ಲವರು ದಯವಿಟ್ಟು ಬರೆಯಿರಿ, ಅತ್ತೆಗೆ ಓದಿ ಹೇಳುತ್ತೇನೆ. ಅವಳದು ತಪ್ಪು ಎಂದು ಬರೆಯಬೇಕಾಗಿ ಬಂದರೆ ಅಂಜಬೇಡಿ.