ನೀರಿಗೂ ಒಂದು ಪಾರ್ಕಿಂಗ್

ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಲೋಟದ ನೀರನ್ನು ಪೂರ್ತಿ ಕುಡಿದದ್ದನ್ನು ನಾನು ನೋಡಿದ್ದು ಜನ್ಮದಲ್ಲಿ ಒಂದೇ ಒಂದು ಸಲ! ಕೊನೆಯ ಗುಟುಕನ್ನು ಅವರು ನೆಲಕ್ಕೆ ಚೆಲ್ಲಲೇಬೇಕು. ಚೆಲ್ಲಿ, ಕುಕ್ಕರುಗಾಲಲ್ಲಿ ಕೂತು, ಅದು ಯಾವ ಕಡೆ ಹರಿಯುತ್ತದೆಂದು ನೋಡಲೇಬೇಕು. ಯಾರ ಮನೆಯಾದರೇನು, ಯಾರ ನೆಲವಾದರೇನು?

ತಪ್ಪು ಅವರದಲ್ಲ, ಗ್ರಾಂಟ್ ರೋಡಿನದು. ಅಲ್ಲಿನ ಒಂದು ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಆಯುಷ್ಯ ಸವೆಸಿದವರು ಅವರು. ದಿನಕ್ಕೆ ಮೂರು ಸಲ ತೊಳೆಯುವ ನೆಲ. ಇಳಿಜಾರು ಸ್ವಲ್ಪ ತಪ್ಪಿದರೂ ಸಾಂಬಾರಿನ ಕೊಪ್ಪರಿಗೆ ಹೊತ್ತವರು ಜಾರಿ ಬೀಳುತ್ತಾರೆ. ಹಾಗಾಗಿ ನೀರು ಚೆಲ್ಲಿ ಪರೀಕ್ಷಿಸುವುದು ಅಲ್ಲಿಯ ಪದ್ಧತಿ. ನಿವೃತ್ತರಾದ ಮೇಲೂ ಕೈ ಸುಮ್ಮನಿರಬೇಕಲ್ಲ!

ನನ್ನನ್ನು ನೋಡಲು ಪರೇಲಿನ ನಮ್ಮ ಚಾಳಿಗೆ ಬಂದ ದಿನವೂ ಇದೇ ಆಯಿತು. ಉಪ್ಪಿಟ್ಟು ತಿಂದರು, ನೀರು ಕುಡಿದರು, ಕೊನೆಯ ಗುಟುಕನ್ನು ನಡುಮನೆಯಲ್ಲೇ ಸುರಿದುಬಿಟ್ಟರು. ಅಮ್ಮ ಅಪಶಕುನವೆಂದು ಕಣ್ಣಲ್ಲೇ ಹೇಳಿದಳು. ಅಪ್ಪ ಬೆವರು ಒರೆಸಿಕೊಂಡರು. ನೀರು ಸರಸರನೆ ಬಚ್ಚಲಿನ ಮೋರಿಗೆ ಹೋಯಿತು. ಭಾವ ಎದ್ದು ನಿಂತು, "ಇಳಿಜಾರು ಸರಿ ಉಂಟು. ಈ ಸಂಬಂಧ ಆಗಬಹುದು" ಅಂದರು. ನನ್ನ ಬಿ.ಎ., ನನ್ನ ಹಾಡು, ನನ್ನ ಕಸೂತಿ ಯಾರಿಗೆ ಬೇಕಿತ್ತು? ಬಚ್ಚಲಿನ ಪುಣ್ಯದಿಂದ ಮದುವೆಯಾದವಳು ನಾನು!

ಆದರೆ ಸೇರಿದ ಚೆಂಬೂರಿನ ಮನೆಗೆ ಆ ಪುಣ್ಯವಿರಲಿಲ್ಲ. ಭಾವನದು ನಾಲ್ಕನೇ ಮಾಳಿಗೆ, ನಮ್ಮದು ಅದೇ ಬಿಲ್ಡಿಂಗಿನ ನೆಲಮಹಡಿ. ಜೋರು ಮಳೆಗೆ ಸಮುದ್ರದ ಭರತ ಸೇರಿತೋ, ಬಿಲ್ಡಿಂಗಿನ ಹಿಂದಿನ ನಾಲಾ, ಅಂದರೆ ದೊಡ್ಡ ಚರಂಡಿ, ತುಂಬಿ ನೀರು ಸೀದಾ ನಮ್ಮ ಮನೆಗೆ. ಅಕ್ಕಿ ಡಬ್ಬ ಮಂಚದ ಮೇಲೆ, ಮಂಚ ಇಟ್ಟಿಗೆಯ ಮೇಲೆ, ಭಾರವೆಲ್ಲ ದೇವರ ಮೇಲೆ! ಕೊನೆಗೊಮ್ಮೆ ನಮ್ಮ ಯಜಮಾನರು, "ಇನ್ನೊಂದು ಸಲ ನೀರು ನುಗ್ಗಿದ್ರೆ ಈ ಮನೆ ಮಾರಿ ದೂರ ಕಲ್ಯಾಣದಾಚೆ ಹೋಗುವ" ಅಂದುಬಿಟ್ಟರು. ನನ್ನ ಮಕ್ಕಳು ಹೆಜ್ಜೆಯಿಡಲು ಕಲಿತ ಮನೆ ಅದು.

ಅದೇ ಹೊತ್ತಿಗೆ ನಮ್ಮ ಹೌಸಿಂಗ್ ಸೊಸೈಟಿಯವರು ಬಿಲ್ಡಿಂಗುಗಳ ನಡುವಿನ ಮೈದಾನಕ್ಕೆ ಸಿಮೆಂಟ್ ಬಳಿದು ಪಾರ್ಕಿಂಗ್ ಮಾಡಲು ಹೊರಟರು. ಹಾಗಾದರೆ ಮೈದಾನದ ಮಣ್ಣು ಹೀರುತ್ತಿದ್ದ ನೀರೂ ನಮ್ಮ ಮನೆಗೇ! ಭಾವ ಮೀಟಿಂಗಿಗೆ ಹಾಜರಾದರು. ಕೈಯಲ್ಲಿ ಅರ್ಜಿಯಲ್ಲ, ಹಿಟ್ಟು ನಾದುವ ದೊಡ್ಡ ಪರಾತ! ಅದರೊಳಗೆ ಚಪಾತಿ ಹಿಟ್ಟಿನ ಸೊಸೈಟಿ: ಮೂರು ಬಿಲ್ಡಿಂಗ್, ನಡುವೆ ತಗ್ಗಿಸಿದ ಮೈದಾನ, ಸುತ್ತ ನಾಲ್ಕು ಮೆಟ್ಟಿಲು. ಬೇಸಗೆಯಲ್ಲಿ ಮಕ್ಕಳಿಗೆ ಕ್ರಿಕೆಟ್, ಸಂಜೆ ಅಜ್ಜ ಅಜ್ಜಿಯರಿಗೆ ಮೆಟ್ಟಿಲ ಮೇಲೆ ಹರಟೆ. ಮಳೆ ಬಂದರೆ ಅದೇ ಕೆರೆ, ನಾಲಾ ಇಳಿದ ಮೇಲೆ ನೀರು ತನ್ನಷ್ಟಕ್ಕೆ ಹೋಗುತ್ತದೆ ಎಂದು ಹರಕು ಹಿಂದಿಯಲ್ಲಿ ವಿವರಿಸಿ ಲೋಟದಿಂದ ಮಳೆ ಸುರಿಸಿದರು.

"ಅಣ್ಣಾ, ಫಿರ್ ಗಾಡಿ ಕಹಾಂ ರಖೇಂಗೆ?" ಎಂದ ಸೆಕ್ರೆಟರಿ, ಹಾಗಾದರೆ ಗಾಡಿ ಎಲ್ಲಿಡುವುದೆಂದು.

"ಗಾಡಿ ಗೇಟ್ ಕೆ ಬಾಜೂ ಮೇ. ಪಾನೀ ಕೋ ಭೀ ಪಾರ್ಕಿಂಗ್ ಮಂಗ್ತಾ ಹೈ!"

ಗಾಡಿ ಗೇಟಿನ ಪಕ್ಕಕ್ಕಂತೆ, ನೀರಿಗೂ ಪಾರ್ಕಿಂಗ್ ಬೇಕಂತೆ! ಸಭೆ ಗೊಳ್ಳೆಂದಿತು. ಅಷ್ಟರಲ್ಲಿ ಹಿಟ್ಟು ನೆನೆದು, ಸೆಕ್ರೆಟರಿ ವಾಸವಿದ್ದ ಸಿ ವಿಂಗ್ ಮೆತ್ತಗೆ ಕೆರೆಗೆ ಕುಸಿಯಿತು.

ಮುಗಿಯಿತು ಕಥೆ, ಗಂಟುಮೂಟೆ ಕಟ್ಟುವುದೇ ಸರಿ ಎಂದುಕೊಂಡೆ. ಆಗ ಭಾವ ಕೊನೆಯ ಬಾಣ ಬಿಟ್ಟರು. ಮೈದಾನದ ಅಂಚಿನುದ್ದಕ್ಕೂ ಕೆಸು ನೆಡೋಣ. ನೀರು ನಿಂತರೂ ಕೊಳೆಯದು, ಕಣ್ಣಿಗೆ ತಂಪು, ಮೇಲಾಗಿ ಅದರ ಎಲೆಯಿಂದ ಮಳೆಗಾಲವಿಡೀ ನಮಗೆ ಪತ್ರೊಡೆ, ಮರಾಠಿಯವರಿಗೆ ಅಳೂವಡಿ! ಹೆಂಗಸರ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು. ಪತ್ರೊಡೆಯಿಂದ ಪಾಸಾದ ಪ್ಲಾನು ಮುಂಬಯಿಯಲ್ಲಿ ಇನ್ನೊಂದಿದ್ದರೆ ತೋರಿಸಿ!

ಎ ವಿಂಗಿನ ಎಂಜಿನಿಯರಮ್ಮ ಅಳತೆ ಹಾಕಿ ಕೊಟ್ಟರು. ಕೆಲಸ ನಡೆದಷ್ಟು ದಿನವೂ ಭಾವ ಲೋಟ ಹಿಡಿದು ಅಲ್ಲೇ. ಕಲಬುರಗಿ ಕಡೆಯ ಮೇಸ್ತ್ರಿ ಕೊನೆಗೆ ಕೈಮುಗಿದ: "ಯಜಮಾನ್ರ, ಕುಡಿಯಾಕ ತಂದ ನೀರೆಲ್ಲಾ ನೆಲಕ್ಕ ಹೊಯ್ದ್ರ ನಾವೇನ್ ಕುಡೀಬೇಕ್ರೀ?"

ಈ ವರ್ಷದ ಮೊದಲ ದೊಡ್ಡ ಮಳೆ ಬೆಳಿಗ್ಗೆಯೇ ಹಿಡಿಯಿತು, ಜೊತೆಗೆ ಭರತ. ನಾನು ಅಕ್ಕಿ ಡಬ್ಬವನ್ನು ಮಂಚಕ್ಕೆ ಏರಿಸಿ ಕಿಟಕಿಗೆ ಅಂಟಿಕೊಂಡೆ. ಕೆಳಗಿನ ಮೆಟ್ಟಿಲು ಮುಳುಗಿತು. ಎರಡನೆಯದೂ, ಮೂರನೆಯದೂ ಮುಳುಗಿದವು. ನಾಲ್ಕನೆಯದರ ಅಂಚಿಗೆ ಬಂದ ನೀರು ಅಲ್ಲೇ ನಿಂತಿತು. ಮಧ್ಯಾಹ್ನದ ಹೊತ್ತಿಗೆ ನಾಲಾ ಇಳಿಯಿತು, ನೀರೂ ಇಳಿಯಿತು. ನಮ್ಮ ಹೊಸ್ತಿಲು ಒಣಗಿಯೇ ಇತ್ತು.

ಭಾವ ಒದ್ದೆ ಕೊಡೆ ಮಡಚಿ ಒಳಗೆ ಬಂದರು. ಚಾ, ನೀರು ಕೊಟ್ಟು ಕೇಳಿದೆ: "ನಿಮ್ಮ ಮನೆಗೆ ನೀರು ಬರುವುದೇ ಇಲ್ಲವಲ್ಲ ಭಾವ. ನಿಮಗ್ಯಾಕೆ ಇಷ್ಟೆಲ್ಲ ಉಸಾಬರಿ?"

ಅವರು ಅಡುಗೆಮನೆಯ ಕಡೆ ನೋಡಿದರು. "ಆ ವರ್ಷ ದೊಡ್ಡ ಮಳೆಗೆ ಲೋಕಲ್ ಟ್ರೈನ್ ನಿಂತು, ನಾನು ಗ್ರಾಂಟ್ ರೋಡಿಂದ ನಡೆದೇ ಬಂದಿದ್ದೆ, ನೆನಪುಂಟಾ? ನಂಗೆ ಮೇಲೆ ಹತ್ಲಿಕ್ಕೆ ತ್ರಾಣ ಇರ್ಲಿಲ್ಲ. ನೀನು ನನ್ನನ್ನು ಆ ಕಟ್ಟೆ ಮೇಲೆ ಕೂರಿಸಿ, ಮೊಣಕಾಲುದ್ದ ನೀರಲ್ಲಿ ನಿಂತು ಚಾ ಮಾಡಿ ಕೊಟ್ಟದ್ದು. ಅದನ್ನು ನಾನು ಮರೀಲಿಕ್ಕೆ ಉಂಟಾ ಮಾರಾಯ್ತಿ?"

ನನಗದು ನೆನಪೇ ಇರಲಿಲ್ಲ. ಬಾಯಿಬಡಕಿ ಎಂದು ಹೆಸರಾದವಳು ನಾನು. ಕಣ್ಣು ತುಂಬಿ ಬಂತು. "ದೊಡ್ಡ ಉಪಕಾರ ಆಯ್ತು ಭಾವ" ಎಂದಷ್ಟೇ ಅಂದೆ.

ಅವರು ನೀರಿನ ಲೋಟ ಎತ್ತಿದರು. ನಾನು ನೆಲ ಒರೆಸುವ ಬಟ್ಟೆ ಹಿಡಿದು ಕಾದೆ. ಕೊನೆಯ ಗುಟುಕನ್ನೂ ಕುಡಿದು, ಬರಿದಾದ ಲೋಟವನ್ನು ನನ್ನ ಕೈಗಿತ್ತರು.