ಸಂಪಿನ ತೂತು ಕಾಸು

ನಾನು: ಎಣ್ಣೆ ಸೋರ್ತಾ ಇರೋದು ನಿನ್ನ ಕೈಗುಣದಿಂದ ಕಣಯ್ಯಾ ಕರೀಮ್.

ಕರೀಮ್ ಸಾಬ್: ನಾನು ರಿಪೇರಿ ಮಾಡಿದ್ಮೇಲೆ ಒಂದು ವರ್ಸ ಒಂದ್ ತೊಟ್ಟು ಬೀಳ್ಲಿಲ್ಲ ಸಾವ್ಕಾರ್ರೆ. ಅದುಕ್ಕೇನಂತೀರಿ?

ನಾನು: ಈಗ ಬೀಳ್ತಾ ಐತಲ್ಲ, ಅದುಕ್ಕೆ ನೀನೇನಂತೀಯ?

ಶಿರಾ ಬಸ್ ಸ್ಟ್ಯಾಂಡಿನ ಹಿಂದೆ ಕರೀಮ್ ಸಾಬರ ತಗಡಿನ ಶೆಡ್ಡು. ಅದರ ಮುಂದೆ ನನ್ನ ಹಳೇ ವಿಲಾಯಿತಿ ಕಾರು ನಾಲ್ಕು ಕಲ್ಲಿನ ಮೇಲೆ ಹತ್ತಿ ನಿಂತಿತ್ತು. ಇಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ತೊಟ್ಟಿಗೆ ಸಂಪು ಅನ್ನುತ್ತಾರೆ. ಅದರ ತಳಕ್ಕೊಂದು ನಟ್ಟು. ಆ ನಟ್ಟಿನ ಸುತ್ತ ಜಿನುಗಿ ಜಿನುಗಿ, ನೆಲದ ಮೇಲೆ ರೊಟ್ಟಿ ಹಂಚಿನಗಲ ಕರೀ ಮಡು ಆಗಿತ್ತು.

ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಕಮಲಾಕ್ಷಮ್ಮ ಅರಿಶಿನದ ಬಟ್ಟೆಯ ಗಂಟೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದು ಮುಡಿಪು. ಬರುವ ಸೋಮವಾರ ಮಗಳ ಮದುವೆ. ಅಷ್ಟರೊಳಗೆ ಕೊಡಿಗೇನಹಳ್ಳಿ ಕಡೆ ಇರುವ ನಮ್ಮ ಮನೆದೇವರು ವೀರಭದ್ರನಿಗೆ ಅದನ್ನು ಒಪ್ಪಿಸಬೇಕು. ನಾಳೆಯಿಂದ ಚಪ್ಪರದ ಕೆಲಸ, ನೆಂಟರ ಗದ್ದಲ. ಹೋದರೆ ಇವತ್ತೇ ಹೋಗಬೇಕು. ನಲವತ್ತು ಮೈಲಿ ದಾರಿ.

ಕರೀಮ್ ಸಾಬ್ ಹಳೇ ಚಪ್ಪಲಿಯ ತೊಗಲು ಕತ್ತರಿಸಿ ನಟ್ಟಿನಡಿ ಕೊಟ್ಟು ನೋಡಿದ, ನಿಲ್ಲಲಿಲ್ಲ. ರಟ್ಟು ಕೊಟ್ಟ. ಅದು ಎಣ್ಣೆ ಕುಡಿದು ಹಪ್ಪಳವಾಯಿತು. ಕೊನೆಗೆ ಕಾರಿನ ಕೆಳಗಿಂದ ತೆವಳಿ ಬಂದು, ಕೈ ಒರೆಸಿಕೊಳ್ಳುತ್ತಾ ಪೊಲೀಸಿನವನ ಹಾಗೆ ವಿಚಾರಣೆಗೆ ನಿಂತ.

ಕರೀಮ್ ಸಾಬ್: ಆಯಿಲ್ ಬದಲಾಯಿಸಿದ್ದು ಯಾರು?

ನಾನು: ನಾನೇ. ಒಂದು ನಟ್ಟು ಬಿಚ್ಚೋಕೆ ಮೆಟ್ರಿಕ್ ಪಾಸಾಗ್ಬೇಕಾ?

ಕರೀಮ್ ಸಾಬ್: ಬಿಚ್ಚಿದಾಗ ಏನು ಬಂತು?

ನಾನು: ಎಣ್ಣೆ ಬಂತು. ಇನ್ನೇನು ತುಪ್ಪ ಬರುತ್ತಾ?

ಕರೀಮ್ ಸಾಬ್: ಎಣ್ಣೆ ಜೊತೆಗೆ?

ನಾನು ಹಿಂದಿನ ಸೀಟಿನ ಕಡೆ ಕಳ್ಳನೋಟ ಬೀರಿದೆ. ತಿಂಗಳ ಹಿಂದೆ ಮನೆ ಅಂಗಳದಲ್ಲಿ ನಟ್ಟು ಬಿಚ್ಚಿದಾಗ, ಎಣ್ಣೆಯ ಜೊತೆ ಬೋಗುಣಿಗೆ ಟಣ್ ಅಂತ ಒಂದು ತೂತು ಕಾಸು ಬಿದ್ದಿತ್ತು. ಕಾರು ದುಡ್ಡು ತಿನ್ನುತ್ತದೆ ಅಂತ ಆಡಿಕೊಳ್ಳುವವರಿಗೆಲ್ಲ, ನೋಡ್ರೋ ನನ್ನ ಕಾರು ದುಡ್ಡು ಈದೈತೆ ಅಂತ ಬೀದಿ ತುಂಬ ತೋರಿಸಿಕೊಂಡು ಬಂದಿದ್ದೆ. ಕಮಲಾಕ್ಷಮ್ಮ ಅದನ್ನು ಹುಣಸೆಹಣ್ಣು ಹಾಕಿ ಉಜ್ಜಿ ದೇವರ ಮುಂದಿಟ್ಟಳು. ಅವತ್ತು ಸಾಯಂಕಾಲವೇ ಗಂಡಿನ ಕಡೆಯ ಪಾವಗಡದವರು ನಮ್ಮ ಹುಡುಗಿ ಒಪ್ಪಿಗೆ ಅಂತ ಹೇಳಿ ಕಳಿಸಿದರು. ಆಮೇಲೆ ಕೇಳಬೇಕೆ? ಕಾಸು ಮುಡಿಪಾಯಿತು.

ನಾನು (ದನಿ ತಗ್ಗಿಸಿ): ಒಂದು ತೂತು ಕಾಸು ಬಂತು.

ಕರೀಮ್ ಸಾಬ್ ಕಲ್ಲಿನ ಮೇಲೆ ಕುಕ್ಕರಿಸಿ ಕೂತ. ಮೊದಲು ಅವನ ಹೊಟ್ಟೆ ಕುಲುಕಿತು, ಆಮೇಲೆ ಗಡ್ಡ, ಆಮೇಲೆ ಇಡೀ ಸಾಬರೇ ಕುಲುಕಿದರು. ನಕ್ಕು ಮುಗಿದ ಮೇಲೆ ಹೇಳಿದ: ಹೋದ ವರ್ಷ ವಾಷರ್ ಸೀಳಿತ್ತಂತೆ, ಆ ಅಳತೆಯದು ಸಿಗಲಿಲ್ಲವಂತೆ, ಇವನೇ ಒಂದು ತೂತು ಕಾಸಿನ ತೂತನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿ ವಾಷರ್ ಮಾಡಿ ಹಾಕಿದ್ದನಂತೆ. ಹೊಸ ಪೈಸೆ ಬಂದ ಮೇಲೆ ಅಂಥ ಕಾಸು ಯಾರ ಹತ್ತಿರವೂ ಇಲ್ಲ. ಬೆಂಗಳೂರಿಂದ ವಾಷರ್ ಬರಲು ಹತ್ತು ದಿನ. ಸೋರುತ್ತದೆ ಅಂತ ನಾನು ನಟ್ಟು ತಿರುಗಿಸುವ ಪಾನಾಕ್ಕೆ ಪೈಪು ಸಿಕ್ಕಿಸಿ ಜೋತಾಡಿ ಬಿಗಿದಿದ್ದರಿಂದ ನಟ್ಟಿನ ತಿರುಪುಗೆರೆಗಳೂ ಸವೆದಿವೆ. ಇನ್ನು ಆ ಕಾಸೊಂದೇ ಗತಿ.

ಕರೀಮ್ ಸಾಬ್: ಅದನ್ನ ಕೊಡಿ. ಕಾಲು ಗಂಟೆ ಕೆಲ್ಸ.

ನಾನು: ಮೆಲ್ಲಗೆ ಮಾತಾಡಯ್ಯಾ. ಅದು ಅವಳ ಮಡಿಲಲ್ಲೈತೆ.

ಕಮಲಾಕ್ಷಮ್ಮ (ಕಿಟಕಿಯಿಂದ ತಲೆ ಹಾಕಿ): ನನ್ನ ಮಡಿಲಲ್ಲಿರೋದ್ರ ಮೇಲೆ ನಿಮ್ಮಿಬ್ರಿಗೇನು ಗುಸುಗುಸು?

ವಿಧಿಯಿಲ್ಲದೆ ಎಲ್ಲ ಹೇಳಿದೆ. ಅವಳ ಮುಷ್ಟಿ ಗಂಟಿನ ಮೇಲೆ ಬಿಗಿಯಾಯಿತು.

ಕಮಲಾಕ್ಷಮ್ಮ: ಇದು ವೀರಭದ್ರ ಕೊಟ್ಟಿದ್ದು.

ನಾನು: ಕರೀಮ್ ಹಾಕಿದ್ದು ಕಣೆ.

ಕಮಲಾಕ್ಷಮ್ಮ: ಪಾವಗಡದೋರು ಅವತ್ತೇ ಒಪ್ಪಿದ್ರಲ್ಲ, ಅದೂ ಕರೀಮ್ ಸಾಬ್ರೇ ಒಪ್ಸಿದ್ರಾ?

ಕರೀಮ್ ಸಾಬ್: ತೋಬಾ ತಾಯಿ. ನಂದು ನಟ್ಟು ಬೋಲ್ಟಿನ ಸಂಬಂಧ ಮಾತ್ರ.

ಅವಳಿಗೆ ಆಗ ಬೇರೆ ಚಿಂತೆ ಹತ್ತಿತು. ಇನ್ನೊಬ್ಬರ ಕಾಸನ್ನು ಮುಡಿಪು ಕಟ್ಟಿದರೆ ಫಲ ಯಾರಿಗೆ? ನಿಮ್ಮ ಬಾಯಿಂದ ಒಂದು ಸಲ ಕೊಟ್ಟೆ ಅಂದುಬಿಡಿ ಸಾಬರೇ ಅಂತ ಕೇಳಿಕೊಂಡಳು. ಆ ಮಹಾರಾಯ ಎದೆ ಮೇಲೆ ಕೈಯಿಟ್ಟು ಕೊಟ್ಟೇಬಿಟ್ಟ.

ನಾನು: ನನ್ನ ವಾಷರ್ರನ್ನ ಕೊಡೋಕೆ ನೀನ್ಯಾವನಯ್ಯಾ? ಅವತ್ತೇ ಕೂಲಿ ಎಣಿಸಿ ತಗೊಂಡಿಲ್ವಾ?

ಕಮಲಾಕ್ಷಮ್ಮ: ಓ, ಹಂಗಾದ್ರೆ ಇದು ಮನೆ ಯಜಮಾನ್ರದು. ಮುಡಿಪಿಗೆ ಇನ್ನೂ ಒಳ್ಳೇದಾಯ್ತು.

ನನ್ನ ಮಾತೇ ನನ್ನ ಕುತ್ತಿಗೆಗೆ ಬಿತ್ತು. ಹಾಗಾದರೆ ಬಸ್ಸಿನಲ್ಲಿ ಹೋಗು ಅಂದೆ. ಅದಾಗದಂತೆ. ಕಾರು ಕೊಟ್ಟಿದ್ದನ್ನು ಕಾರಿನಲ್ಲೇ ತಂದೊಪ್ಪಿಸುತ್ತೇನೆ ಅಂತ ಹರಕೆ.

ನಾನು: ಕಾಸು ನಟ್ಟಿಗೆ ಹಾಕಿದ್ರೆ ತಾನೇ ಕಾರು ಹೋಗೋದು? ಅಲ್ಲಿ ಬಿಚ್ಚಿ ಕೊಟ್ರೆ ವಾಪಸ್ ಹೆಂಗೆ ಬರುತ್ತೆ?

ಕಮಲಾಕ್ಷಮ್ಮ: ಹರಕೆ ಇರೋದು ಹೋಗೋಕೆ. ಬರೋಕೆ ಬಸ್ಸೈತೆ.

ನಾನು: ಕಾರು?

ಕಮಲಾಕ್ಷಮ್ಮ: ಅಲ್ಲೇ ಗುಡಿ ಹತ್ರ ಇರ್ಲಿ. ದೇವ್ರಿಗೆ ಬಸವನ್ನ ಬಿಡಲ್ವಾ?

ಸಿಟ್ಟಿಗೆ ಪಾನಾ ಎತ್ತಿ ನೆಲಕ್ಕೆ ಕುಕ್ಕಿದೆ. ಅದು ನೆಟ್ಟಗೆ ಎಣ್ಣೆ ಮಡುವಿಗೆ ಬಿದ್ದು, ಮಡುವು ನೆಟ್ಟಗೆ ನನ್ನ ಮಲ್ಲು ಪಂಚೆಗೆ ಬಂತು.

ಕರೀಮ್ ಸಾಬ್: ಜರಾ ತಡೀರಿ ಸಾವ್ಕಾರ್ರೆ. ನಿಮ್ಮೋರು ಮಗೂನ ದೇವ್ರಿಗೆ ಒಪ್ಸಿ, ದುಡ್ಡು ಕೊಟ್ಟು ಬಿಡಿಸ್ಕೊಂಡು ಬರಲ್ವಾ? ಕಾಸನ್ನೂ ಹಂಗೇ ಮಾಡಿ. ನಾನೂ ಡಬ್ಬ ತಗೊಂಡು ಬರ್ತೀನಿ. ಗುಡಿ ಮುಂದೆ ಎಣ್ಣೆ ಇಳಿಸ್ಕೊಂಡು ಕಾಸು ಬಿಚ್ಕೊಡ್ತೀನಿ. ನೀವು ಬಿಡಿಸ್ಕೊಂಡು ತಂದ್ಮೇಲೆ ತಿರುಗಿ ಹಾಕ್ತೀನಿ.

ಕಮಲಾಕ್ಷಮ್ಮ ಯೋಚಿಸಿದಳು. ನಮ್ಮ ಗುಡಿಯಲ್ಲಿ ಮಂಗಳಾರತಿ ಆದ ಮೇಲೆ, ಒಪ್ಪಿಸಿದ ಸಾಮಾನನ್ನು ಪೂಜಾರಪ್ಪ ಅಲ್ಲೇ ಹರಾಜು ಹಾಕುತ್ತಾನೆ. ತೆಂಗಿನಕಾಯಿ, ಕುಂಬಳಕಾಯಿ, ಬಾಳೆಗೊನೆ ಎಲ್ಲ ಹೋಗುತ್ತವೆ. ಕಾಸೂ ಹೋಗಬಹುದು, ತಪ್ಪಿಲ್ಲ ಅಂದಳು. ನನಗೆ ಆಕಾಶ ಮೂರೇ ಗೇಣು. ಚಲಾವಣೆಯೇ ಇಲ್ಲದ ತೂತು ಕಾಸಿಗೆ ಯಾವನು ಕೂಗುತ್ತಾನೆ? ನಾನೊಬ್ಬನೇ ಹರಾಜು, ನಾನೊಬ್ಬನೇ ಸವಾಲು.

ಅವಳು ಗಂಟು ಬಿಚ್ಚಿ ಕಾಸನ್ನು ಕಣ್ಣಿಗೊತ್ತಿ ಕೊಟ್ಟಳು. ಕರೀಮ್ ಸಾಬ್ ಅದನ್ನು ನಟ್ಟಿಗೆ ತೊಡಿಸಿ, ಪೈಪಿಲ್ಲದೆ, ಹದವಾಗಿ ಬಿಗಿದ. ಹೊಸ ಎಣ್ಣೆ ಸುರಿದ. ಅವನ ಒಂದು ಬೀಡಿ ಮುಗಿಯುವ ತನಕ ಮೂವರೂ ಕುಕ್ಕರಗಾಲಲ್ಲಿ ಕೂತು ಕಾರಿನ ಹೊಟ್ಟೆ ನೋಡಿದೆವು. ತೊಟ್ಟು ಬೀಳಲಿಲ್ಲ.

ಕಾರು ಹೊರಟಿತು. ಪಕ್ಕದಲ್ಲಿ ಡಬ್ಬ ಹಿಡಿದ ಕರೀಮ್ ಸಾಬ್. ಮಧುಗಿರಿ ರಸ್ತೆಗೆ ತಿರುಗುವಾಗ ನಾನು ಸೀಟಿ ಹೊಡೆಯುತ್ತಿದ್ದೆ.

ಕಮಲಾಕ್ಷಮ್ಮ: ಎಷ್ಟಕ್ಕೆ ಕೂಗ್ತೀರಿ?

ನಾನು: ಒಂದು ರೂಪಾಯಿ. ಎದುರು ಕೂಗೋರು ಯಾರವ್ರೆ?

ಕಮಲಾಕ್ಷಮ್ಮ: ನಾನಿದೀನಲ್ಲ.

ನಾನು: ನೀನ್ಯಾಕೆ ಕೂಗ್ತೀಯೇ? ಕೊಡೋದು ಒಂದೇ ಜೇಬಿಂದ.

ಕಮಲಾಕ್ಷಮ್ಮ: ಮಗಳ ಮದ್ವೆ ಕೂಡ್ಸಿದ ಕಾಸು. ಒಂದು ರೂಪಾಯಿಗೆ ಹೋಯ್ತು ಅಂದ್ರೆ ಬೀಗರು ಏನಂದ್ಕೋತಾರೆ? ಐವತ್ತು ಮುಟ್ಟೋಗಂಟ ನಾನು ಬಿಡಲ್ಲ.

ಬ್ರೇಕ್ ಹಾಕಿದೆ. ನೀನಾದರೂ ಬುದ್ಧಿ ಹೇಳಯ್ಯಾ ಅಂತ ಕರೀಮ್ ಸಾಬರ ಕಡೆ ತಿರುಗಿದೆ. ಅವನು ಡಬ್ಬದ ಮುಚ್ಚಳ ನೋಡುತ್ತಾ ಕೂತಿದ್ದ.

ಕರೀಮ್ ಸಾಬ್: ಐವತ್ತರ ಮೇಲೆ ನಾನೊಂದು ಕೂಗು ಹಾಕ್ತೀನಿ ಸಾವ್ಕಾರ್ರೆ. ನಮ್ಮ ಮಗಳು ಹಮೀದುನ್ನೀಸಾಗೆ ಮೂರು ವರ್ಸದಿಂದ ಗಂಡು ಹುಡುಕ್ತಾ ಇದೀನಿ.